ಮೂರರ ನಂತರ ಐದು

3200. ನನ್ನ ಅಂಗಡಿಯ ಮೇಜಿನ ಮೇಲೆ ಆ ಯಂತ್ರ ಪ್ರತಿ ಸಲವೂ 3200 ಎಂದೇ ತೋರಿಸಿತ್ತು. ನಾನು ನೋಡಿದ್ದೆ, ಪಕ್ಕದ ಅಂಗಡಿಯ ಆ-ಫೂ ನೋಡಿದ್ದ, ಯಂತ್ರದ ಒಡತಿ ಬೀ-ಯುನ್ ಆಯಿ ಕನ್ನಡಕ ಹಣೆಗೇರಿಸಿ, ಮೂಗು ಪರದೆಗೆ ತಾಗುವಷ್ಟು ಬಗ್ಗಿ ನೋಡಿ, 'ಸರಿ' ಎಂದಿದ್ದರು. ಮನೆಗೆ ಒಯ್ದ ಮರುದಿನ ಅದೇ ಯಂತ್ರ 2133 ಎನ್ನುತ್ತಿತ್ತು. ಇಪ್ಪತ್ತೆರಡು ವರ್ಷಗಳಿಂದ ತೈಪೆಯ ಈ ಕಂಪ್ಯೂಟರ್ ಮಾರುಕಟ್ಟೆಯಲ್ಲಿ ಕೂತಿದ್ದೇನೆ. ಸೂಪು ಚೆಲ್ಲಿದ ಯಂತ್ರ, ಬೆಕ್ಕು ಉಚ್ಚೆ ಹೊಯ್ದ ಯಂತ್ರ, ಗಂಡನ ಮೇಲಿನ ಸಿಟ್ಟಿಗೆ ಹೆಂಡತಿ ಕಿಟಕಿಯಿಂದ ಎಸೆದ ಯಂತ್ರ, ಎಲ್ಲವನ್ನೂ ರಿಪೇರಿ ಮಾಡಿದ್ದೇನೆ. ನನ್ನೆದುರು ಸಭ್ಯವಾಗಿದ್ದು, ಮನೆ ಸೇರಿದೊಡನೆ ಮೈಗಳ್ಳತನ ಮಾಡುವ ಯಂತ್ರವನ್ನು ಮಾತ್ರ ಕಂಡಿರಲಿಲ್ಲ.

ಆಯಿಗೆ ಎಪ್ಪತ್ತೆರಡು. ನದಿಯ ಆಚೆ ಸಾನ್‌ಚೋಂಗ್‌ನಲ್ಲಿ ಮನೆ. ಮೂವತ್ತು ವರ್ಷ ಛತ್ರಿ ಕಾರ್ಖಾನೆಯಲ್ಲಿ ಬಟ್ಟೆಗೆ ಕಡ್ಡಿ ಪೋಣಿಸಿದವರು. ತನ್ನ ಕೈಯಷ್ಟು ಚುರುಕಾದ ಕೈ ಆ ಸಾಲಿನಲ್ಲೇ ಇರಲಿಲ್ಲ ಎಂದು ಅಂಗಡಿಗೆ ಬಂದ ಮೊದಲ ದಿನವೇ ಹೇಳಿದ್ದರು. ಈಗ ಆ ಕೈ ಕಂಪ್ಯೂಟರ್ ಆಟ ಆಡುತ್ತದೆ. ತಮಾಷೆಯಲ್ಲ. ಅವರ ಬಡಾವಣೆಯ ಹಿರಿಯರ ಕೇಂದ್ರಕ್ಕೆ ಅರವತ್ತು ದಾಟಿದ ಐದು ಜನರ ತಂಡವಿದೆ, ಬೆನ್ನ ಮೇಲೆ ಹೆಸರು ಹೊಲಿದ ನೇರಳೆ ಜಾಕೆಟ್ಟು ಇದೆ, ಊರೂರಿಗೆ ಹೋಗಿ ಪಂದ್ಯ ಆಡುವುದಿದೆ. ಐದು ಜನ ಈ ಕಡೆ, ಐದು ಜನ ಆ ಕಡೆ, ಒಬ್ಬರ ಕೋಟೆಯನ್ನು ಇನ್ನೊಬ್ಬರು ಒಡೆಯುವ ಆಟ. ಆಯಿಯ ಕೆಲಸ ತನ್ನ ಕಡೆಯವರಿಗೆ ಏಟು ಬೀಳುವ ಹೊತ್ತಿಗೆ ಸರಿಯಾಗಿ ಗುಂಡಿ ಒತ್ತಿ ಅವರ ಸುತ್ತ ಕವಚ ಕಟ್ಟುವುದು. ಅರೆ ಗಳಿಗೆ ತಡವಾದರೆ ಕವಚ ಹೆಣಕ್ಕೆ ಬೀಳುತ್ತದೆ.

ಹಳೆಯ ಮದರ್‌ಬೋರ್ಡ್ ಸುಟ್ಟುಹೋಯಿತೆಂದು ಯಂತ್ರವನ್ನು ತರಕಾರಿ ಗಾಡಿಯಲ್ಲಿಟ್ಟು, ಬಸ್ಸು ಹತ್ತಿಸಿ ತಂದಿದ್ದರು. ನಾನು ಹೊಸ ಬೋರ್ಡು ಹಾಕಿದೆ, ಹೊಸ ಮೆಮೊರಿ ಪಟ್ಟಿ ಎರಡು ಹಾಕಿದೆ. ವಯಸ್ಸಾದವರಿಗೆ ಮೆಮೊರಿ ಮಾರುವಾಗ ನಮ್ಮಲ್ಲೊಂದು ಪದ್ಧತಿ ಇದೆ. ಈ ಜಾತಿಯ ಮೆಮೊರಿಯ ಹೆಸರಲ್ಲೇ 4 ಇದೆ. ನಮ್ಮ ಭಾಷೆಯಲ್ಲಿ ನಾಲ್ಕು ಎಂದರೆ ಸಾವು ಎಂದಂತೆಯೇ ಕೇಳಿಸುತ್ತದೆ; ಸಾವಿನ ಅಂಕಿ, ಯಾರಿಗೂ ಬೇಡ. ಅದಕ್ಕೇ ಮೆಮೊರಿ ಬರುವ ಪೆಟ್ಟಿಗೆಯ ಮೇಲಿನ ಅಂಕಿಯ ಮೇಲೆ ನಾವು ಬೆಲೆಯ ಚೀಟಿ ಅಂಟಿಸಿಬಿಡುತ್ತೇವೆ. ನಮ್ಮ ಮಾರುಕಟ್ಟೆಯ ಅಂಗಡಿಗಳೂ 301, 302, 303, ಆಮೇಲೆ 305. ಆ-ಫೂ 303, ನಾನು 305, ನಡುವೆ ಒಂದು ಗೋಡೆ. ಆಯಿಯ ಪೆಟ್ಟಿಗೆಗೂ ಚೀಟಿ ಅಂಟಿಸಿಯೇ ಕೊಟ್ಟೆ.

ಹೊಸ ಬೋರ್ಡಿನ ಸ್ವಭಾವ ಹೇಳಿಬಿಡುತ್ತೇನೆ, ಮುಂದಿನ ರಗಳೆಯೆಲ್ಲ ಅದರದ್ದೇ. ಅದು ಯಾವ ಮೆಮೊರಿಯನ್ನೂ ಮೊದಲು ನಂಬುವುದಿಲ್ಲ. 3200ರ ವೇಗದಲ್ಲಿ ಓಡಬಲ್ಲ ಪಟ್ಟಿಯನ್ನೂ 2133ರಲ್ಲೇ ನಡೆಸುತ್ತದೆ. ನಾವು ಸೆಟ್ಟಿಂಗಿಗೆ ಹೋಗಿ ಒಂದು ಸಾಲು ಬದಲಿಸಿ 'ಓಡು' ಎನ್ನಬೇಕು. ಓಡಲಾರದೆ ಎರಡು ಮೂರು ಸಲ ಮುಗ್ಗರಿಸಿತೋ, ಬೋರ್ಡು ಯಾರನ್ನೂ ಕೇಳದೆ ಮತ್ತೆ 2133ಕ್ಕೆ ಇಳಿದುಬಿಡುತ್ತದೆ. ಆಯಿಯ ಯಂತ್ರಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ. ಪರದೆಯ ಮೇಲೆ ಚಿತ್ರ ಮೂಡಿಸುವ ಭಾರವೂ ಮೆಮೊರಿಯ ಮೇಲೇ. ಮೆಮೊರಿ ನಿಧಾನವಾದರೆ ಆಟವೂ ಮುಗ್ಗರಿಸುತ್ತದೆ. ಇದನ್ನೆಲ್ಲ ವಿವರಿಸಿ, ವೇಗ ನೋಡುವುದು ಹೇಗೆಂದು ನಾನೇ ಅವರಿಗೆ ಹೇಳಿಕೊಟ್ಟೆ. ನನ್ನ ಕರ್ಮ.

ನಾಲ್ಕು ದಿನ ಬಿಟ್ಟು ಗಾಡಿ ತಳ್ಳಿಕೊಂಡು ಬಂದರು. ಕೈಯಲ್ಲಿ ಹೆಚ್ಚಿದ ಸೀಬೆಹಣ್ಣಿನ ಪೊಟ್ಟಣ, ಮೇಲೆ ಹುಳಿಪುಡಿ.

"ಎರಡು ಸಾವಿರದ ನೂರ ಮೂವತ್ಮೂರು," ಎಂದರು, ಜ್ವರ ಎಷ್ಟಿದೆಯೆಂದು ಡಾಕ್ಟರಿಗೆ ಹೇಳುವ ಹಾಗೆ.

ಬಿಚ್ಚಿ ನೋಡಿದೆ. ಪಟ್ಟಿಗಳು ನಾನಿಟ್ಟ ಜಾಗದಲ್ಲೇ ಇದ್ದವು. ಸೆಟ್ಟಿಂಗ್ ಮಾತ್ರ ಇಳಿದಿತ್ತು. ಬಸ್ಸಿನ ಕುಲುಕಾಟ ಇರಬೇಕೆಂದುಕೊಂಡು, ಪಟ್ಟಿಗಳನ್ನು ಒತ್ತಿ ಕೂರಿಸಿ, ಸಾಲು ಬದಲಿಸಿ, ಅರ್ಧ ದಿನ ಓಡಿಸಿದೆ. 3200. ಒಂದು ಚೂರು ಅಲುಗಲಿಲ್ಲ.

ಎರಡನೇ ಸಲ ಬಂದಾಗ ಪಟ್ಟಿಗಳನ್ನೇ ಬದಲಿಸಿದೆ, ಬೋರ್ಡಿನ ಒಳಗಿನ ತಂತ್ರಾಂಶ ಹೊಸದು ಹಾಕಿದೆ, ಇಡೀ ದಿನ ಪರೀಕ್ಷೆಗಿಟ್ಟೆ. 3200. ಸೀಬೆಹಣ್ಣು ತಿಂದೆ. ಆಯಿ ಗಾಡಿ ತಳ್ಳಿಕೊಂಡು ಹೋದರು. ಎರಡು ದಿನಕ್ಕೆ ಮೊಬೈಲಿಗೆ ಫೋಟೋ ಬಂತು. 2133. ನನಗೆ ಮೈಯೆಲ್ಲ ಉರಿದುಹೋಯಿತು.

ಮೂರನೇ ಸಲ ಬಂದದ್ದು ಒಂದು ಭಾನುವಾರ. ಮಾರುಕಟ್ಟೆಯಲ್ಲಿ ಕಾಲಿಡಲು ಜಾಗವಿಲ್ಲ, ನನ್ನ ಮೇಜಿನ ಮುಂದೆ ಏಳೆಂಟು ಕಾಲೇಜು ಹುಡುಗರು. ಆಯಿ ಅವರನ್ನೆಲ್ಲ ಗಾಡಿಯಿಂದ ಸರಿಸಿಕೊಂಡು ಮುಂದೆ ಬಂದರು.

"ಬಾಸ್, ಮತ್ತೆ ಇಳೀತು."

"ಆಯಿ, ಇದು ಮೂರನೇ ಸಲ!"

"ಗೊತ್ತು. ತಳ್ಕೊಂಡು ಬಂದಿದ್ದು ನಾನೇ."

"ಮನೇಲಿ ಏನ್ ಮಾಡ್ತೀರಿ ಇದಕ್ಕೆ?"

"ಏನ್ ಮಾಡ್ತಾರೆ? ಒರೆಸ್ತೀನಿ. ಆಡ್ತೀನಿ."

"ಯಾರಾದ್ರೂ ಬಿಚ್ಚಿದ್ರಾ?"

"ನಮ್ಮನೇಲಿ ನಾನು ಬಿಟ್ರೆ ಬೆಕ್ಕು. ಬೆಕ್ಕು ಬಿಚ್ಚುತ್ತಾ?"

ಬಿಚ್ಚಿ ನೋಡಿದೆ. ಎಲ್ಲ ಅದದರ ಜಾಗದಲ್ಲೇ. ಸಾಲು ಬದಲಿಸಿದೆ. 3200. ಹುಡುಗರು ಕೊರಳು ಚಾಚಿ ನೋಡಿದರು. ಆಯಿ ಮಾತ್ರ ಕದಲಲಿಲ್ಲ.

"ಮುಂದಿನ ಶನಿವಾರ ಆಯ್ಕೆ ಪಂದ್ಯ, ಕಣಪ್ಪ. ನಾನು ಗುಂಡಿ ಒತ್ತೋದು ಸರಿಯಾಗೇ ಒತ್ತುತ್ತೀನಿ. ಕವಚ ಬರೋಷ್ಟರಲ್ಲಿ ಚಿಯುಂಗ್-ಮೇ ಸತ್ತೇ ಹೋಗಿರ್ತಾಳೆ. ಅವಳು ನಮ್ಮ ನಾಯಕಿ, ಅವಳು ಏನೂ ಅನ್ನಲ್ಲ. ಉಳಿದೋರು ನನ್ನ ಜಾಗಕ್ಕೆ ಲಾಯ್‌ನ ಹಾಕ್ಕೊಳ್ಳೋಣ ಅಂತಿದ್ದಾರೆ. ಅರವತ್ತೊಂದು ಅವನಿಗೆ. ಹುಡುಗ."

ನನಗೆ ಆ ಹೊತ್ತಿನಲ್ಲಿ ಯಾವ ಲಾಯ್‌ನ ಸುದ್ದಿಯೂ ಬೇಕಿರಲಿಲ್ಲ. ಬೆಳಿಗ್ಗೆಯಿಂದ ಊಟವಿರಲಿಲ್ಲ, ಇಬ್ಬರು ಗಿರಾಕಿಗಳು ಕಾದು ಕಾದು ಎದ್ದುಹೋಗಿದ್ದರು, ಆ-ಫೂ ಗೋಡೆಯ ಆ ಕಡೆಯಿಂದ ಕಿಸಕ್ಕನೆ ನಗುತ್ತಿದ್ದ.

"ಯಂತ್ರ ಸರಿ ಇದೆ ಆಯಿ! 2133 ಇದ್ರೇನು, 3200 ಇದ್ರೇನು, ನಿಮಗೇನೂ ವ್ಯತ್ಯಾಸ ಗೊತ್ತಾಗಲ್ಲ. ನಿಧಾನ ಆಗಿರೋದು ನಿಮ್ಮ ಕೈ! ಎಪ್ಪತ್ತೆರಡಾಯ್ತು ನಿಮಗೆ. ಆ ಕೈಗೆ ಹಾಕೋ ಮದರ್‌ಬೋರ್ಡ್ ಈ ಮಾರ್ಕೆಟ್ಟಲ್ಲಿ ಯಾರ ಹತ್ರಾನೂ ಸಿಗಲ್ಲ!"

ಹುಡುಗರು ಗೊಳ್ಳೆಂದು ನಕ್ಕರು. ವ್ಯತ್ಯಾಸ ಗೊತ್ತಾಗುವುದಿಲ್ಲ ಎಂದದ್ದು ಸುಳ್ಳು. ಅದು ನನಗೆ ಹೇಳುವಾಗಲೇ ಗೊತ್ತಿತ್ತು. ಆಯಿ ತನ್ನ ಬಲಗೈಯನ್ನು ಒಮ್ಮೆ ನೋಡಿ ಜಾಕೆಟ್ಟಿನ ತೋಳಿನೊಳಗೆ ಎಳೆದುಕೊಂಡರು. ಯಂತ್ರವನ್ನು ಗಾಡಿಗೆ ಏರಿಸಿ, ಹಗ್ಗ ಬಿಗಿದು ಹೋದರು. ಸೀಬೆಹಣ್ಣಿನ ಪೊಟ್ಟಣ ಮೇಜಿನ ಮೇಲೇ ಉಳಿಯಿತು. ಆ ದಿನ ಅದನ್ನು ಯಾರೂ ತಿನ್ನಲಿಲ್ಲ, ಆ-ಫೂ ಕೂಡ.

ಮರುದಿನ ಫೋಟೋ ಬರಲಿಲ್ಲ. ಮಂಗಳವಾರ ಬರಲಿಲ್ಲ, ಬುಧವಾರ ಬರಲಿಲ್ಲ. ಪೀಡೆ ತೊಲಗಿತು ಎಂದುಕೊಂಡೆ. ಹಾಗೆಂದುಕೊಳ್ಳುತ್ತಲೇ ದಿನಕ್ಕೆ ಹತ್ತು ಸಲ ಮೊಬೈಲು ನೋಡುತ್ತಿದ್ದೆ.

ಶುಕ್ರವಾರ ಮಧ್ಯಾಹ್ನ ಅನ್ನದ ಡಬ್ಬಿ ಬಿಚ್ಚುವಷ್ಟರಲ್ಲಿ ಫೋನು ಬಂತು.

"ನೀನೇನಾ ಆ ರಿಪೇರಿಯವನು?" ಹೆಂಗಸಿನ ದನಿ, ಕಿವಿ ಹರಿಯುವಷ್ಟು ಜೋರು. "ನಾನು ಚಿಯುಂಗ್-ಮೇ. ಬೀ-ಯುನ್‌ಗೆ ಏನಂದೆ ನೀನು?"

"ನಾನೇನಂದೆ?"

"ಜೋರಾಗಿ ಮಾತಾಡು, ನಂಗೆ ಕಿವಿ ಮಂದ. ನಾಳೆ ಪಂದ್ಯ, ಇವತ್ತು ಫೋನ್ ಮಾಡಿ ನನ್ನ ಜಾಗ ಲಾಯ್‌ಗೆ ಕೊಡಿ ಅಂತಾಳೆ. ಯಾಕೆ ಅಂದ್ರೆ, ರಿಪೇರಿಯವನು ಪರೀಕ್ಷೆ ಮಾಡಿ ಹೇಳಿದ್ದಾನೆ, ಕೆಟ್ಟಿರೋದು ನನ್ನ ಕೈ ಅಂತಾಳೆ. ನೀನು ಡಾಕ್ಟ್ರಾ?"

"ಅಲ್ಲ, ನಾನು ಸಿಟ್ಟಲ್ಲಿ..."

"ಸಂಜೆ ಆರಕ್ಕೆ ಹೆಸರು ಬರೆದುಕೊಡಬೇಕು. ಅಷ್ಟರಲ್ಲಿ ನೀನು ಅಂದಿದ್ದನ್ನ ನೀನೇ ವಾಪಸ್ ತಗೋ!" ಎಂದವರೇ ಆಯಿಯ ಮನೆಯ ವಿಳಾಸ ಹೇಳಿ ಫೋನಿಟ್ಟರು.

ಮಾಡಿದ ಕೆಲಸ ಮೂರು ಸಲ ಬಿಟ್ಟಿ ಮಾಡಿ, ಬೈಸಿಕೊಂಡು, ಈಗ ಊಟ ಬಿಟ್ಟು ನದಿ ದಾಟಬೇಕು. ಅಂಗಡಿಯನ್ನು ಆ-ಫೂಗೆ ಒಪ್ಪಿಸಿ ಸ್ಕೂಟರ್ ಹತ್ತಿದೆ. ಸೇತುವೆಯ ಉದ್ದಕ್ಕೂ ಆಯಿಯನ್ನು ಬೈದೆ, ಮೆಮೊರಿ ಮಾಡಿದವನನ್ನು ಬೈದೆ, ಸಿಗ್ನಲ್ಲಿನಲ್ಲಿ ನನ್ನ ಮುಂದೆ ನಿಂತಿದ್ದವನನ್ನೂ ಬೈದೆ. ನನ್ನನ್ನು ಚುಚ್ಚುತ್ತಿದ್ದದ್ದು ಅವರ್‍ಯಾರೂ ಅಲ್ಲ. ತೋಳಿನೊಳಗೆ ಹೋದ ಆ ಕೈ.

ಆಯಿ ಬಾಗಿಲು ತೆರೆದು ನನ್ನ ಮುಖ ನೋಡಿದರು.

"ನಿನ್ನ ಕರೆದಿಲ್ಲ."

"ಗೊತ್ತು. ಯಂತ್ರ ನೋಡ್ಬೇಕು."

"ಯಂತ್ರ ಸರಿ ಇದೆ ಅಂದ್ಯಲ್ಲ."

"ಆಯಿ, ದಾರಿ ಬಿಡಿ."

ಬಿಟ್ಟರು. ಯಂತ್ರ ಊಟದ ಮೇಜಿನ ಮೇಲೆ ಕೂತಿತ್ತು, ಪಕ್ಕದಲ್ಲಿ ರಕ್ತದೊತ್ತಡ ನೋಡುವ ಸಾಧನ, ಒಂದು ನೋಟ್‌ಬುಕ್. ನೋಟ್‌ಬುಕ್ ತೆರೆದೇ ಇತ್ತು. ದಿನದಿನದ ಒತ್ತಡದ ಪಕ್ಕದಲ್ಲಿ ದಿನದಿನದ ಮೆಮೊರಿ ವೇಗ, ಚಂದದ ಅಕ್ಷರದಲ್ಲಿ. ಯಂತ್ರ ನನ್ನ ಅಂಗಡಿಯಿಂದ ಮನೆಗೆ ಬಂದ ಪ್ರತಿ ಸಂಜೆ 3200. ಪ್ರತಿ ಮರುದಿನ ಬೆಳಿಗ್ಗೆ 2133. ಅಂದರೆ ಬಸ್ಸಿನದೇನೂ ತಪ್ಪಿಲ್ಲ. ಸಂಜೆಗೂ ಬೆಳಿಗ್ಗೆಗೂ ನಡುವೆ ಈ ಮನೆಯಲ್ಲೇ ಏನೋ ನಡೆಯುತ್ತದೆ.

ಬಗ್ಗಿ ಯಂತ್ರದ ಪಕ್ಕದ ಗಾಜಿನೊಳಗೆ ನೋಡಿದೆ. ಆ ಬೋರ್ಡಿನಲ್ಲಿ ಮೆಮೊರಿ ಸಿಕ್ಕಿಸಲು ಉದ್ದನೆಯ ನಾಲ್ಕು ಸಂದುಗಳಿವೆ. ಎರಡು ಪಟ್ಟಿ ಹಾಕುವುದಾದರೆ ಎರಡನೆಯದರಲ್ಲೊಂದು, ನಾಲ್ಕನೆಯದರಲ್ಲೊಂದು. ಹಾಗಿದ್ದರೆ ಮಾತ್ರ ಎರಡೂ ಜೋಡಿಯಾಗಿ 3200ರಲ್ಲಿ ಓಡುತ್ತವೆ. ನಾನು ಹಾಕಿದ್ದೂ ಹಾಗೆಯೇ. ಈಗ ಪಟ್ಟಿಗಳು ಎರಡರಲ್ಲೂ ಮೂರರಲ್ಲೂ ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ನಾಲ್ಕನೆಯ ಸಂದು ಖಾಲಿ. ಅದರ ಪಕ್ಕದಲ್ಲಿ ಬೋರ್ಡಿನ ಮೇಲೆ ಬಿಳಿ ಅಕ್ಷರದಲ್ಲಿ ಎದ್ದುಕಾಣುವಂತೆ ಅಚ್ಚಾಗಿತ್ತು: 4.

ಮೆಮೊರಿ ಪೆಟ್ಟಿಗೆಯ ಮೇಲಿನ ನಾಲ್ಕನ್ನು ಮುಚ್ಚಿದ್ದೆ. ಬೋರ್ಡಿನ ಮೇಲಿನದನ್ನು ಮರೆತೇಬಿಟ್ಟಿದ್ದೆ.

"ಆಯಿ," ಎಂದೆ, "ಬೆಕ್ಕು ಎಲ್ಲಿ?"

ಆಯಿ ಕಿಟಕಿಯ ಕಡೆ ನೋಡಿದರು. "ಹೊರಗೆ ಹೋಗಿದೆ."

"ಬರೋವಾಗ ಸ್ಕ್ರೂಡ್ರೈವರ್ ತರುತ್ತಾ?"

"ಕೈಯಲ್ಲೇ ತಿರುಗಿಸ್ಬೋದು ಆ ಸ್ಕ್ರೂನ," ಎಂದವರು ತಟ್ಟನೆ ಬಾಯಿ ಮುಚ್ಚಿಕೊಂಡರು.

ಆಮೇಲೆ ಎಲ್ಲ ಹೊರಗೆ ಬಂತು. ಮೊದಲ ಸಂಜೆಯೇ ಗಾಜಿನೊಳಗೆ ಆ ಅಂಕಿ ಕಂಡಿತ್ತು. ಹೊಸ ಮೆಮೊರಿ ನಾಲ್ಕರ ಮನೆಯಲ್ಲಿ ಕೂತಿದೆ. ದಿನವೂ ಅದನ್ನೇ ನೋಡುತ್ತ ಆಡಬೇಕು. ಆಟದಲ್ಲಿ ತನ್ನ ಕೆಲಸವೋ ಸಾಯುವವರನ್ನು ಉಳಿಸುವುದು. ಒಂದು ಪಕ್ಕಕ್ಕೆ ಸರಿಸಿದರೆ ಏನು ಮಹಾ ಆದೀತೆಂದು ಸರಿಸಿದರು. ಪರದೆ ಮೂರು ಸಲ ಕಪ್ಪಾಗಿ ತಾನೇ ಎದ್ದಿತು. ಹೊಸ ಜಾಗಕ್ಕೆ ಹೊಂದಿಕೊಳ್ಳುತ್ತಿದೆ ಎಂದುಕೊಂಡರು. ನನ್ನ ಅಂಗಡಿಗೆ ತರುವ ಮುಂಚೆ ಪ್ರತಿ ಸಲವೂ ಪಟ್ಟಿಯನ್ನು ಮತ್ತೆ ನಾಲ್ಕಕ್ಕೆ ಹಾಕಿ ತರುತ್ತಿದ್ದರು.

"ಯಾಕೆ? ಯಾಕೆ ವಾಪಸ್ ಹಾಕಿ ತರ್ತಿದ್ರಿ?" ನಾನು ಕೂಗಿಯೇಬಿಟ್ಟೆ. "ಒಂದ್ಸಲ ಹಾಗೇ ತಂದಿದ್ರೆ ಎರಡು ನಿಮಿಷದಲ್ಲಿ ಗೊತ್ತಾಗ್ತಿತ್ತು! ಮೂರು ವಾರ ನನ್ನ ತಲೆ ಕೆಡಿಸಿದ್ರಲ್ಲ!"

"ಬಿಚ್ಚಿದ್ದು ಗೊತ್ತಾದ್ರೆ ಬೈತೀಯ."

"ಹೌದು, ಬೈತಿದ್ದೆ!"

"ನೋಡು ಮತ್ತೆ."

ಯಂತ್ರ ಆರಿಸಿ ಗಾಜು ಬಿಚ್ಚಿದೆ. ಪಟ್ಟಿ ಕಿತ್ತು ನಾಲ್ಕನೆಯ ಸಂದಿಗೆ ಹಾಕಲು ಹೋದರೆ ಆಯಿ ನನ್ನ ಮಣಿಕಟ್ಟು ಹಿಡಿದರು. ಹಿಡಿತ ಇಕ್ಕಳದಷ್ಟು ಗಟ್ಟಿ.

"ಅಲ್ಲಿ ಬೇಡ."

"ಅಲ್ಲೇ ಹಾಕ್ಬೇಕು ಆಯಿ. ಬೋರ್ಡ್ ಮಾಡಿರೋದೇ ಹಾಗೆ."

"ಬೇರೆ ಬೋರ್ಡ್ ಹಾಕು."

"ಎಲ್ಲದರಲ್ಲೂ ನಾಲ್ಕು ಸಂದು ಆಯಿ!" ಇದೂ ಪೂರ್ತಿ ನಿಜವಲ್ಲ, ಆದರೆ ಐದನೆಯ ಸಲ ಬೋರ್ಡು ಬಿಚ್ಚುವ ಚೈತನ್ಯ ನನ್ನಲ್ಲಿರಲಿಲ್ಲ. ಗೋಡೆಯ ಗಡಿಯಾರ ನಾಲ್ಕೂಮುಕ್ಕಾಲು ತೋರಿಸುತ್ತಿತ್ತು. "ನನ್ನ ಅಂಗಡಿ ನಂಬರ್ ಎಷ್ಟು, ಹೇಳಿ."

"ಮುನ್ನೂರ ಐದು."

"ಎಣಿಸಿ. ಮೊದಲಿಂದ ಎಷ್ಟನೇದು?"

ಆಯಿ ಬೆರಳು ಮಡಿಸಿದರು. ನಾಲ್ಕನೇ ಬೆರಳಿಗೆ ಬಂದು ನಿಂತರು.

"ಇಪ್ಪತ್ತೆರಡು ವರ್ಷದಿಂದ ನಾನು ಕೂತಿರೋದು ಅಲ್ಲೇ. ಸತ್ತಿದ್ದೀನಾ?"

ಆಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕೂದಲು ಹೋಗಿದೆ."

"ಅದು ನಿಮ್ಮಂಥ ಗಿರಾಕಿಗಳಿಂದ."

ಚೀಲದಿಂದ ಬೆಲೆಚೀಟಿಯ ಸುರುಳಿ ತೆಗೆದೆ. ಉಗುರಿನಷ್ಟು ಹರಿದು, ಅವರ ನೋಟ್‌ಬುಕ್ಕಿನ ಪೆನ್ನಿನಿಂದ ಅದರ ಮೇಲೆ 5 ಎಂದು ಬರೆದು, ಬೋರ್ಡಿನ 4ರ ಮೇಲೆ ಅಂಟಿಸಿದೆ. ಆಯಿ ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು. ಒಂದು, ಎರಡು, ಮೂರು, ಐದು. ಮೂಲೆ ಸರಿಯಾಗಿ ಅಂಟಿಲ್ಲವೆಂದು ತಾನೇ ಹೆಬ್ಬೆರಳಿನಿಂದ ಒತ್ತಿದರು. "ಆಸ್ಪತ್ರೆಯವರೂ ಹೀಗೇ ಮಾಡ್ತಾರೆ, ಮೂರನೇ ಮಹಡಿ ಆದ್ಮೇಲೆ ಐದನೇದು," ಎಂದರು. ಅದು ಒಪ್ಪಿಗೆ.

ಪಟ್ಟಿ ಕೂರಿಸಿದೆ, ಸಾಲು ಬದಲಿಸಿದೆ, ಯಂತ್ರ ಏಳಿಸಿದೆ. ಮೂರು ಸಲ ಆರಿಸಿ ಏಳಿಸಿದೆ. 3200, 3200, 3200. ಆಯಿ ನೋಟ್‌ಬುಕ್ಕಿನಲ್ಲಿ ಒಂದು ಸಲ ಬರೆದುಕೊಂಡರು.

"ಇನ್ನು ಆಡಿ ನೋಡಿ," ಎಂದು ಕುರ್ಚಿ ಸರಿಸಿದೆ.

ಕೂತರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡರು. ಆದರೆ ಕೈ ಮೌಸಿನ ಮೇಲೆ ಹೋಗಲಿಲ್ಲ. ಎರಡೂ ಕೈ ಮಡಿಲಲ್ಲೇ ಇದ್ದವು.

"ಏನಾಯ್ತು?"

"ಯಂತ್ರ ನಿಧಾನ ಇತ್ತಲ್ಲ," ಎಂದರು ಪರದೆ ನೋಡುತ್ತಲೇ, "ಅಷ್ಟು ದಿನ ನನ್ನ ಕೈ ಚೆನ್ನಾಗಿತ್ತು. ನೀನು ಅವತ್ತು ಅಂದಾಗಿಂದ ಒಂದೇ ಯೋಚನೆ. ಈಗ ಯಂತ್ರ ಸರಿ ಹೋಯ್ತು. ಇನ್ಮೇಲೆ ತಡ ಆದ್ರೆ ಅದು ನಾನೇ."

ಮೂರು ವಾರ ಆ ಯಂತ್ರದ ಹೊಟ್ಟೆಯಲ್ಲಿ ನಾನು ಹುಡುಕದ ಮೂಲೆಯಿಲ್ಲ. ಒಂದೇ ಮಾತಿನಲ್ಲಿ ನಾನು ಕೆಡಿಸಿದ್ದು ಮಾತ್ರ ಆ ಪೆಟ್ಟಿಗೆಯ ಹೊರಗೆ ಇತ್ತು. ಅದಕ್ಕೆ ಅಂಟಿಸಲು ನನ್ನ ಬಳಿ ಚೀಟಿ ಇರಲಿಲ್ಲ.

"ಆಯಿ, ತಪ್ಪಾಯ್ತು," ಎಂದೆ. "ಅವತ್ತು ನಾನು ಹೇಳಿದ್ದು ಸುಳ್ಳು. ಆ ವೇಗದಲ್ಲಿ ಯಾರು ಆಡಿದ್ರೂ ಹಾಗೇ ಆಗೋದು. ನನಗದು ಗೊತ್ತಿತ್ತು. ಹೊಟ್ಟೆ ಹಸಿದಿತ್ತು, ಜನ ಇದ್ರು, ಅಂದುಬಿಟ್ಟೆ."

ಆಯಿಯ ಬಲಗೈ ಮೇಲೆದ್ದು ಮೌಸಿನ ಮೇಲೆ ಕೂತಿತು.

ಮೊದಲ ಸುತ್ತಿನಲ್ಲಿ ಕವಚ ತಡವಾಯಿತು, ಒಬ್ಬ ಸತ್ತ. ಎರಡನೆಯದರಲ್ಲಿ ತೀರಾ ಬೇಗ ಒತ್ತಿದರು, ಕವಚ ವ್ಯರ್ಥವಾಯಿತು. ನಿಧಾನದ ಯಂತ್ರಕ್ಕಾಗಿ ಮೂರು ವಾರದಿಂದ ಮುಂಚೆಯೇ ಒತ್ತುವ ಅಭ್ಯಾಸ ಮಾಡಿಕೊಂಡಿದ್ದರಲ್ಲ. ಮೂರನೆಯದರಲ್ಲಿ ಎದುರಾಳಿಯ ಕೊಡಲಿ ಇಳಿಯುವುದಕ್ಕೂ ಕವಚ ಹೊಳೆಯುವುದಕ್ಕೂ ಸರಿಹೋಯಿತು. ಆಮೇಲೆ ಇನ್ನೊಂದು. ಆಮೇಲೆ ಇನ್ನೊಂದು. ಒಮ್ಮೆ ತಪ್ಪಿತು. ಮತ್ತೆ ಸರಿಹೋಯಿತು. ಛತ್ರಿ ಕಾರ್ಖಾನೆಯ ಆ ಬೆರಳುಗಳನ್ನು ನಾನು ಆಗಲೇ ಸರಿಯಾಗಿ ನೋಡಿದ್ದು. ಸ್ವಲ್ಪ ನಡುಗುತ್ತಿದ್ದವು, ನಡುಗುತ್ತಲೇ ಹೊತ್ತಿಗೆ ಸರಿಯಾಗಿ ಒತ್ತುತ್ತಿದ್ದವು.

"ಹತ್ತರಲ್ಲಿ ಎರಡು ತಪ್ಪುತ್ತೆ," ಎಂದರು ಆಯಿ. "ಆ ಎರಡು ನಂದು. ಮಿಕ್ಕಿದ್ದೆಲ್ಲ ಯಂತ್ರದ್ದು. ಎರಡಾದ್ರೆ ಪರವಾಗಿಲ್ಲ, ಎರಡು ಇಟ್ಕೊಂಡು ಆಡ್ಬೋದು."

ಗಡಿಯಾರದಲ್ಲಿ ಐದೂಮುಕ್ಕಾಲು. ಪರದೆಯ ಮೇಲೆ ತಂಡದವರು ಮಾತಾಡಿಕೊಳ್ಳುವ ಕಿಟಕಿ ತೆರೆದು, ಮೈಕು ಬಾಯಿಗೆಳೆದುಕೊಂಡರು.

"ಚಿಯುಂಗ್-ಮೇ, ಪೆನ್ ತಗೊಂಡ್ಯಾ? ನನ್ನ ಹೆಸರು ಬರಿ. ಲಾಯ್‌ಗೆ ಹೇಳು, ಇನ್ನೂ ಚಿಕ್ಕವನು, ಮುಂದಿನ ವರ್ಷ ನೋಡೋಣ ಅಂತ." ಆಮೇಲೆ ಹೆಡ್‌ಫೋನ್ ಕಳಚಿ, ಮೈಕನ್ನು ನನ್ನ ಬಾಯಿಯ ಮುಂದೆ ಹಿಡಿದರು. "ಅವತ್ತು ಏಳೆಂಟು ಜನರ ಮುಂದೆ ಅಂದೆ. ಇಲ್ಲಿ ನಾಲ್ಕು ಜನ ಇದ್ದಾರೆ. ಹೇಳು."

ನಾಲ್ಕು ಎಂಬ ಅಂಕಿ ಅವರ ಬಾಯಿಂದ ಸಲೀಸಾಗಿ ಬಂದದ್ದನ್ನು ಅವರೇ ಗಮನಿಸಲಿಲ್ಲ. ನಾನೂ ಹೇಳಲಿಲ್ಲ. ಮೈಕಿಗೆ ಬಗ್ಗಿದೆ.

"ನಿಧಾನ ಆಗಿದ್ದು ಯಂತ್ರ. ಬೀ-ಯುನ್ ಆಯಿ ಕೈ ಅಲ್ಲ."

ಕಳಚಿದ ಹೆಡ್‌ಫೋನಿನೊಳಗಿಂದ ಅದೇ ಕಿವಿ ಹರಿಯುವ ದನಿ:

"ಯಾರದು? ಏನಂದೆ? ಜೋರಾಗಿ ಹೇಳು!"

ಹೇಳಿದೆ. ಬೀದಿಯಲ್ಲಿ ಹೋಗುವವರಿಗೂ ಕೇಳುವಷ್ಟು ಜೋರಾಗಿ ಹೇಳಿದೆ. ಆಯಿ ನೋಟ್‌ಬುಕ್ ಮುಚ್ಚಿಟ್ಟು ಸೀಬೆಹಣ್ಣು ಹೆಚ್ಚಲು ಒಳಗೆ ಹೋದರು.